ಅಳಿಸಿದ ಗುರುವಾರಗಳು

ಹೊಳೆ ಅಳೆಯುವ ಕಚೇರಿಯಲ್ಲಿ ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಸಾಹೇಬರಿಂದ ಹಿಡಿದು ಅಟೆಂಡರ್‌ವರೆಗೆ ಎಲ್ಲರಿಗೂ ಆಕೆ ಅಂಕಿಯಮ್ಮ. ಇಪ್ಪತ್ತಾರು ವರ್ಷದಿಂದ ಒಂದೇ ಕೆಲಸ: ದಂಡೆಯಲ್ಲಿ ನೀರು ಅಳೆದವರು ಪುಸ್ತಕದಲ್ಲಿ ಬರೆದು ಕಳಿಸಿದ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವುದು. ಒಂದು ಸೊನ್ನೆ ಹೆಚ್ಚಾದರೆ ಊಟ ಸೇರದು, ಒಂದು ಚುಕ್ಕೆ ಆಚೀಚೆಯಾದರೆ ಜೀವ ತಡೆಯದು. "ಅಂಕಿಯಮ್ಮನ ಕಡತದ ಮೇಲೆ ನೊಣ ಕೂತರೂ ಜಾರಿ ಬೀಳುತ್ತೆ" ಎಂದು ಸಾಹೇಬರು ಹೊರಗಿನವರ ಮುಂದೆ ಹೊಗಳುತ್ತಿದ್ದರು. ಆ ಹೊಗಳಿಕೆ ಆಕೆಗೆ ಬಹಳ ಇಷ್ಟ. ಆದದ್ದಕ್ಕೆಲ್ಲ ಮೂಲ ಅದೇ ಎಂದರೂ ತಪ್ಪಾಗಲಾರದು.

ಅಂಥವಳನ್ನು ಐವತ್ತೆರಡನೆಯ ವಯಸ್ಸಿನಲ್ಲಿ ಸಾಹೇಬರು ಪಾಠಕ್ಕೆ ಕಳಿಸಿದರು. ಪರಿಸರ, ಹವಾಮಾನದ ಸಂಶೋಧನೆ ಮಾಡುವವರಿಗೆ ಟೈಮ್ ಸೀರೀಸ್, ಅಂದರೆ ಕಾಲಕ್ರಮದ ಅಂಕಿಸಾಲು ಓದುವುದನ್ನು ಕಲಿಸುವ ನಾಲ್ಕು ದಿನದ ಪಾಠ.

"ನನಗ್ಯಾಕೆ ಸಾರ್ ಈ ವಯಸ್ಸಲ್ಲಿ? ಹುಡುಗರನ್ನ ಕಳಿಸಿ."

"ಹುಡುಗರೆಲ್ಲ ರಜ ಹಾಕಿದ್ದಾರೆ ಅಂಕಿಯಮ್ಮ. ಒಂದು ಸೀಟು ಸುಮ್ಮನೆ ಹಾಳಾಗುತ್ತೆ. ಹೋಗಿ ಕೂತು ಬನ್ನಿ. ಕಾಫಿ ಚೆನ್ನಾಗಿ ಕೊಡ್ತಾರಂತೆ."

ಹಾಗೆ ಹೋದಳು. ಕಾಲೇಜಿನ ಮೂರನೆಯ ಮಹಡಿಯ ಕೋಣೆ. ಉದ್ದನೆಯ ಮೇಜುಗಳು, ನೆಲದ ತುಂಬ ಹಾವಿನಂತೆ ಹರಿದಾಡಿದ ವೈರುಗಳು, ಇಪ್ಪತ್ತು ಲ್ಯಾಪ್‌ಟಾಪು, ಅದರ ಹಿಂದೆ ಇಪ್ಪತ್ತು ಎಳೆಯ ಮುಖ. ಕಲಿಸುವ ಮೇಡಂಗೂ ಅಂಕಿಯಮ್ಮನ ಮಗಳದೇ ವಯಸ್ಸು. ಕೊನೆಯ ಸಾಲಿನಲ್ಲಿ ಮಾತ್ರ ಇನ್ನೊಬ್ಬ ನರೆಗೂದಲಿನ ಹೆಂಗಸು ಬಟ್ಟೆ ಚೀಲವೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಬನ್ನಿ ಬನ್ನಿ, ಇಲ್ಲೇ ಕೂತ್ಕೊಳ್ಳಿ" ಎಂದು ಆಕೆ ಜಾಗ ಮಾಡಿಕೊಟ್ಟಳು. "ಮುದುಕಿಯರ ಬೆಂಚು ಇದು. ನಾನು ಮೀನಕ್ಕ. ಒಡ್ಡಿನ ಹತ್ತಿರ ಮೀನು ಎಣಿಸ್ತೀನಿ. ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ಒಂದು ಗಂಟೆ ಹೊತ್ತು, ಹತ್ತಿ ಹೋಗೋ ಮೀನು ಎಷ್ಟು ಅಂತ. ಇಷ್ಟು ವರ್ಷ ಹುಚ್ಚಿ ಅಂತಿದ್ರು. ಈಗ ನೋಡಿ, ಡೇಟಾ ಅಂತಾರೆ, ಕಾರು ಕಳಿಸಿ ಕರಕೊಂಡು ಬರ್ತಾರೆ."

ಅಂಕಿಯಮ್ಮನಿಗೆ ನಗು ಬಂತು. ಅದೇ ಹೊಳೆ. ಒಡ್ಡು ಇರುವುದು ತಮ್ಮ ಕಚೇರಿಯ ಅಳತೆ ನಡೆಯುವ ಸೇತುವೆಯಿಂದ ಸ್ವಲ್ಪ ಕೆಳಗೆ. ಇಷ್ಟು ವರ್ಷ ಒಂದೇ ನೀರಿನ ಮುಂದೆ ಕೂತ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಮೊದಲ ದಿನ ಮೇಡಂ ದಿನ ದಿನದ ಅಂಕಿಗಳ ಸಾಲನ್ನು ಮೂರು ಪಾಲು ಮಾಡುವುದನ್ನು ಹೇಳಿಕೊಟ್ಟರು. ವರ್ಷಗಟ್ಟಲೆ ನಿಧಾನವಾಗಿ ಏರುವ, ಇಳಿಯುವ ಪಾಲು ಒಂದು. ಋತುವಿನ ಜೊತೆ ಹೋಗಿ ಮತ್ತೆ ಬರುವ ಪಾಲು ಇನ್ನೊಂದು. ಎರಡನ್ನೂ ತೆಗೆದ ಮೇಲೆ ತಳದಲ್ಲಿ ಉಳಿಯುವುದು ಮೂರನೆಯದು.

"ಈ ಉಳಿದದ್ದನ್ನ ಕಸ ಅಂತ ಗುಡಿಸಬೇಡಿ" ಎಂದರು ಮೇಡಂ. "ನಮಗೆ ಗೊತ್ತಿಲ್ಲದ ಸುದ್ದಿ ಇರೋದೇ ಅಲ್ಲಿ."

ಅಂಕಿಯಮ್ಮ ಅದನ್ನು ದುಂಡಗೆ ಬರೆದುಕೊಂಡಳು. ಬರೆದುಕೊಳ್ಳುವಾಗ ಯಾಕೋ ಪೆನ್ನು ಒಂದು ಕ್ಷಣ ತಡೆಯಿತು. ಏನೆಂದು ತಿಳಿಯಲಿಲ್ಲ.

ಎರಡನೆಯ ದಿನ ತಿಳಿಯಿತು.

ಅಂದಿನ ಪಾಠ ನೆನಪಿನದು. "ನೀರಿಗೆ ನೆನಪಿದೆ" ಎಂದು ಶುರುಮಾಡಿದ ಮೇಡಂ ಮೀನಕ್ಕನ ಅಂಕಿಗಳನ್ನೇ ಎರಡು ತೆಳು ಕಾಗದದ ಮೇಲೆ ಅಚ್ಚು ಹಾಕಿಸಿ ತಂದಿದ್ದರು. ಕಿಟಕಿ ಗಾಜಿಗೆ ಒಂದರ ಮೇಲೊಂದು ಅಂಟಿಸಿ, ಮೇಲಿನದನ್ನು ಒಂದು ದಿನದಷ್ಟು ಸರಿಸಿದರು. ಗೆರೆಗಳು ಹೆಚ್ಚು ಕಡಿಮೆ ಕೂಡಿದವು. ಇವತ್ತಿನ ಮೀನು ನಿನ್ನೆಯ ಮೀನನ್ನು ಹೋಲುತ್ತದೆ. ಎರಡು ದಿನ ಸರಿಸಿದರೆ ಸ್ವಲ್ಪ ದೂರ, ಮೂರು ದಿನಕ್ಕೆ ಇನ್ನೂ ದೂರ. ನೆನಪು ಮಾಸುತ್ತ ಹೋಗುತ್ತದೆ. ಆದರೆ ಏಳನೆಯ ದಿನಕ್ಕೆ ಸರಿಸಿದಾಗ ಗೆರೆಗಳು ಮತ್ತೆ ಗಪ್ಪನೆ ಕೂಡಿಕೊಂಡವು. ಹದಿನಾಲ್ಕಕ್ಕೂ. ಇಪ್ಪತ್ತೊಂದಕ್ಕೂ.

"ಇದೇನು ಹೇಳುತ್ತೆ?" ಮೇಡಂ ತಿರುಗಿ ಕೇಳಿದರು. "ಸೂರ್ಯನಿಗೆ ದಿನ ಗೊತ್ತು, ವರ್ಷ ಗೊತ್ತು. ವಾರ ಗೊತ್ತಿಲ್ಲ. ಹೊಳೆಗೆ ಸೋಮವಾರ ಯಾವುದು, ಶನಿವಾರ ಯಾವುದು? ಅಂಕಿಯಲ್ಲಿ ಏಳು ಕಂಡರೆ ಅಲ್ಲಿ ಮನುಷ್ಯನ ಕೈ ಇದೆ ಅಂತಲೇ ಅರ್ಥ."

"ಎಣಿಸೋರು ವಾರಕ್ಕೊಂದು ದಿನ ಚಕ್ಕರ್ ಹೊಡೆದಿರಬೇಕು ಮೇಡಂ" ಎಂದ ಮುಂದಿನ ಸಾಲಿನ ತರುಣನೊಬ್ಬ. ಕೋಣೆಯೆಲ್ಲ ನಕ್ಕಿತು.

ಮೀನಕ್ಕ ಎದ್ದು ನಿಂತಳು. ಸಿಟ್ಟಿರಲಿಲ್ಲ, ಆದರೆ ದನಿ ಗಟ್ಟಿಯಿತ್ತು. "ನೋಡಪ್ಪಾ, ನನ್ನ ಗಂಡನ್ನ ಮಣ್ಣು ಮಾಡಿದ ದಿನಾನೂ ಬೆಳಿಗ್ಗೆ ಹೋಗಿ ಎಣಿಸಿ ಬಂದವಳು ನಾನು. ಚಕ್ಕರ್ ಹೊಡೆಯೋದು ನಿನ್ನ ಕ್ಲಾಸಲ್ಲಿ. ನನ್ನ ಒಡ್ಡಲ್ಲಲ್ಲ."

ನಗು ನಿಂತಿತು. "ಯಾವ ದಿನ ಕಡಿಮೆ ಆಗ್ತಿತ್ತು, ಗೊತ್ತಾ?" ಎಂದು ಮೇಡಂ ಮೆತ್ತಗೆ ಕೇಳಿದರು.

"ಗುರುವಾರ. ಅರ್ಧಕ್ಕರ್ಧ ಇಳೀತಿತ್ತು. ಎಲ್ಲಾ ವರ್ಷ ಅಲ್ಲ, ಮಧ್ಯದ ಒಂಬತ್ತು ವರ್ಷ ಮಾತ್ರ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಂಕಿಯಮ್ಮನನ್ನು ಯಾರೂ ಏನೂ ಅಂದಿರಲಿಲ್ಲ. ಆದರೂ ಆಕೆಯ ಕೈ ತಾನಾಗಿ ಪುಸ್ತಕವನ್ನು ಮುಚ್ಚಿತು.

ಆ ಒಂಬತ್ತು ವರ್ಷದ ಗುರುವಾರಗಳು ಆಕೆಗೆ ಚೆನ್ನಾಗಿ ಗೊತ್ತಿದ್ದವು. ಸೇತುವೆಯ ಕೆಳಗೆ ದಿನಾ ಬೆಳಿಗ್ಗೆ ಆರಕ್ಕೆ ನೀರಿಗೆ ಥರ್ಮಾಮೀಟರು ಇಳಿಸಿ ಬಿಸಿ ಎಷ್ಟೆಂದು ಬರೆಯುತ್ತಿದ್ದವರು ಆಕೆಯ ಚಿಕ್ಕಪ್ಪ. ಅಪ್ಪನಿಲ್ಲದ ಹುಡುಗಿಗೆ ಕಚೇರಿಯಲ್ಲಿ ಕೆಲಸ ಕೊಡಿಸಿದವರೂ ಅವರೇ. ಹನ್ನೊಂದು ವರ್ಷದ ಹಿಂದೆ ಸಾಹೇಬರು ಯಾವುದೋ ದೊಡ್ಡ ಸಭೆಗೆಂದು ಎಲ್ಲ ವರ್ಷದ ಅಂಕಿಯನ್ನೂ ಚೊಕ್ಕ ಮಾಡಿಕೊಡಲು ಹೇಳಿದಾಗ, ಅಂಕಿಯಮ್ಮನ ಕಣ್ಣಿಗೆ ಅದು ಬಿತ್ತು. ಬುಧವಾರ ಹದಿನೆಂಟು ಚುಕ್ಕೆ ಎರಡು, ಶುಕ್ರವಾರ ಹದಿನೆಂಟು ಚುಕ್ಕೆ ಒಂದು, ನಡುವಿನ ಗುರುವಾರ ಮಾತ್ರ ಹತ್ತೊಂಬತ್ತರ ಮೇಲೆ. ಮುಂದಿನ ವಾರವೂ ಹಾಗೇ. ಅದರ ಮುಂದಿನ ವಾರವೂ.

ಬುಧವಾರ ಸಂಜೆ ಚಿಕ್ಕಪ್ಪ ಕ್ಷೌರದಂಗಡಿಯಲ್ಲಿ ಚದುರಂಗ ಆಡುತ್ತಾರೆ, ಆಡಲು ಕೂತರೆ ಏಳುವುದಿಲ್ಲ ಎಂಬುದು ಊರಿಗೇ ಗೊತ್ತಿದ್ದ ಸಂಗತಿ. ಎರಡೂ ಎರಡೂ ನಾಲ್ಕು. ಗುರುವಾರ ಮುದುಕ ತಡವಾಗಿ ಏಳುತ್ತಾರೆ, ಬಿಸಿಲೇರಿದ ಮೇಲೆ ಹೋಗಿ ಅಳೆಯುತ್ತಾರೆ, ಆರು ಗಂಟೆ ಎಂದು ಬರೆಯುತ್ತಾರೆ.

ಆಕೆ ಒಂದು ಸಲ ಕೇಳಿದ್ದಳು, ಇಲ್ಲವೆಂದಲ್ಲ. ಆದರೆ ಕೇಳಿದ್ದು ಕಾರಿಡಾರಿನಲ್ಲಿ, ಅಟೆಂಡರ್ ಎದುರಿಗೆ. "ಚಿಕ್ಕಪ್ಪಾ, ಗುರುವಾರ ತಡವಾಗಿ ಹೋಗ್ತೀರಾ?"

"ಆರಕ್ಕೇ ಹೋಗ್ತೀನಿ ಮಗಾ. ನೀರೇ ಬೆಚ್ಚಗಿರುತ್ತೆ."

"ನೀರಿಗೇನು ಗುರುವಾರ ಜ್ವರ ಬರುತ್ತಾ?"

ಅಟೆಂಡರ್ ಕಿಸಕ್ಕನೆ ನಕ್ಕಿದ್ದ. ಚಿಕ್ಕಪ್ಪ ತಲೆ ತಗ್ಗಿಸಿ ಮೆಟ್ಟಿಲಿಳಿದು ಹೋದರು. ತಪ್ಪಿತಸ್ಥರ ನಡೆ ಎಂದು ಆಕೆ ತಿಳಿದಳು. ತಮ್ಮವರೆಂದು ಮುಚ್ಚಿಟ್ಟಳು ಎಂಬ ಮಾತು ನಾಳೆ ಬರಬಾರದಲ್ಲ! ಬೇರೆ ಯಾರದೋ ಅಳತೆಯಾಗಿದ್ದರೆ ಇನ್ನೊಂದು ಸಲ ವಿಚಾರಿಸುತ್ತಿದ್ದಳೋ ಏನೋ. ಚಿಕ್ಕಪ್ಪನದು ಎಂಬ ಕಾರಣಕ್ಕೇ ಕಟ್ಟುನಿಟ್ಟಾದಳು. ಸಾಹೇಬರಿಗೆ ಒಂದು ಚೀಟಿ ಬರೆದಳು. "ಗುರುವಾರದ ಅಳತೆಗಳು ನಂಬಲರ್ಹವಲ್ಲ." ಮೂರೇ ಪದ. ಆಮೇಲೆ ಒಂದೊಂದು ಗುರುವಾರವನ್ನೂ ಅಳಿಸಿ, ಅದರ ಜಾಗಕ್ಕೆ ಬುಧವಾರ ಶುಕ್ರವಾರಗಳನ್ನು ಕೂಡಿಸಿ ಅರ್ಧ ಮಾಡಿ ಹಾಕಿದಳು. ಗೆರೆ ಬೆಣ್ಣೆಯಂತೆ ನುಣ್ಣಗಾಯಿತು. ನೊಣ ಕೂತರೆ ಜಾರುವ ಹಾಗೆ.

ಚಿಕ್ಕಪ್ಪನನ್ನು ನಿವೃತ್ತಿಗೆ ಒಂದು ವರ್ಷ ಮುಂಚೆಯೇ ಮನೆಗೆ ಕಳಿಸಿದರು. ಅಳೆಯುವವರಿಲ್ಲದೆ ನಾಲ್ಕು ತಿಂಗಳು ಕಳೆದ ಮೇಲೆ ಸೇತುವೆಗೆ ಯಂತ್ರ ಕೂರಿಸಿದರು. ಯಂತ್ರದ ಅಂಕಿಯಲ್ಲಿ ಗುರುವಾರ ಎಲ್ಲ ದಿನದಂತೆಯೇ ಇತ್ತು. "ನೋಡಿದ್ರಾ? ಯಂತ್ರ ಚದುರಂಗ ಆಡಲ್ಲ" ಎಂದು ಸಾಹೇಬರು ಮೇಜು ತಟ್ಟಿದರು. ಕಚೇರಿ ಹೊಸ ಕಟ್ಟಡಕ್ಕೆ ಹೋಗುವಾಗ ಹಳೆಯ ಪುಸ್ತಕಗಳ ರಾಶಿಯ ಮೇಲೆ 'ಕಂಪ್ಯೂಟರಿಗೆ ಏರಿಸಲಾಗಿದೆ, ವಿಲೇವಾರಿ ಮಾಡಬಹುದು' ಎಂದು ಸಹಿ ಹಾಕಿದವಳೂ ಅಂಕಿಯಮ್ಮನೇ. ಗುಜರಿಯವನು ಬಂದು ಹೇರಿಕೊಂಡು ಹೋದ.

ಚಿಕ್ಕಪ್ಪನಿಗೆ ಕಚೇರಿಯಲ್ಲಿ, ಬೀದಿಯಲ್ಲಿ, ಕೊನೆಗೆ ನೆಂಟರ ಮನೆಯಲ್ಲೂ 'ಗುರುವಾರ' ಎಂಬ ಅಡ್ಡಹೆಸರು ಬಿತ್ತು. ಅವರು ಚದುರಂಗ ಬಿಟ್ಟರು. ಸೇತುವೆಯ ದಾರಿಯನ್ನೂ ಬಿಟ್ಟರು; ಪೇಟೆಗೆ ಹೋಗಬೇಕಾದರೆ ಸುತ್ತು ಬಳಸಿ ಹೋಗುತ್ತಿದ್ದರು.

ಊಟದ ಬಿಡುವಿನಲ್ಲಿ ಅಂಕಿಯಮ್ಮ ಮೀನಕ್ಕನ ತಟ್ಟೆಯ ಪಕ್ಕ ತನ್ನ ತಟ್ಟೆ ಇಟ್ಟು, ತುತ್ತು ಎತ್ತದೆ ಕೇಳಿದಳು. "ಆ ಗುರುವಾರ... ಯಾಕೆ ಅಂತ ಗೊತ್ತಾಯ್ತಾ ನಿಮಗೆ?"

"ಆಮೇಲೆ ಗೊತ್ತಾಯ್ತು, ಬಿಡಿ. ಮೇಲುಗಡೆ, ಕಾಡಿನಂಚಲ್ಲಿ ಒಂದು ಬಣ್ಣದ ಕಾರ್ಖಾನೆ ಇತ್ತಲ್ಲ, ನೂಲಿಗೆ ಬಣ್ಣ ಹಾಕೋದು? ಬುಧವಾರ ಸಂಜೆ ಆರೂವರೆ ಏಳಕ್ಕೆ ಕುದಿಯೋ ತೊಟ್ಟಿ ಎಲ್ಲ ಖಾಲಿ ಮಾಡಿ ಹಳ್ಳಕ್ಕೆ ಬಿಡ್ತಿದ್ರಂತೆ. ಅಲ್ಲಿ ಕೆಲಸಕ್ಕಿದ್ದ ನಮ್ಮ ಸೋದರಮಾವನ ಮಗ ಹೇಳಿದ. ರಾತ್ರಿಯೆಲ್ಲ ಹರಿದು ಬೆಳಿಗ್ಗೆ ನಮ್ಮ ಹತ್ತಿರ ಬರೋದು. ಬಣ್ಣ ತೆಳುವಾಗಿರ್ತಿತ್ತು, ಕಣ್ಣಿಗೆ ಕಾಣ್ತಿರಲಿಲ್ಲ. ಮೀನಿಗೆ ಗೊತ್ತಾಗ್ತಿತ್ತು."

"ಮುಚ್ಚಿದ್ದು ಯಾವಾಗ?"

ಮೀನಕ್ಕ ಚೀಲದಿಂದ ಒಂದು ಪುಸ್ತಕ ಎಳೆದು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದಳು. "ಇಲ್ಲಿ ನೋಡಿ, ಈ ಗುರುವಾರದಿಂದ ಮೀನು ಸರಿಯಾಯ್ತು. ಆ ವಾರವೇ ಬೀಗ ಹಾಕಿದ್ದು."

ಅಂಕಿಯಮ್ಮ ತಾರೀಖು ನೋಡಿದಳು. ಚಿಕ್ಕಪ್ಪ ಮನೆಗೆ ಹೋಗಿ ಎರಡು ತಿಂಗಳಾಗಿತ್ತು. ಯಂತ್ರ ಬರಲು ಇನ್ನೂ ಎರಡು ತಿಂಗಳಿತ್ತು.

ಯಂತ್ರ ಬರುವ ಹೊತ್ತಿಗೆ ಬಿಸಿನೀರು ನಿಂತಿತ್ತು. ಅಷ್ಟೇ ವಿಷಯ. ಚಿಕ್ಕಪ್ಪ ಒಂಬತ್ತು ವರ್ಷ ಆರು ಗಂಟೆಗೇ ಹೋಗಿದ್ದರು, ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರು.

ಇನ್ನೊಂದು ಸಂಗತಿ ಆಗ ನೆನಪಿಗೆ ಬಂತು. ಅವರ ಪುಸ್ತಕದಲ್ಲಿ ಕೊನೆಗೊಂದು ಷರಾ ಎಂಬ ಟಿಪ್ಪಣಿಯ ಕಾಲಂ ಇತ್ತು. ಕಂಪ್ಯೂಟರಿನ ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲವಾದ್ದರಿಂದ ಆಕೆ ಅದನ್ನು ಏರಿಸುತ್ತಿರಲಿಲ್ಲ. ಒಂದು ಗುರುವಾರದ ಷರಾ ಮಾತ್ರ ಅಕ್ಷರ ಅಕ್ಷರ ಕಣ್ಣಿಗೆ ಕಟ್ಟಿತ್ತು: 'ಇಂದೂ ಬೆಚ್ಚಗೆ. ಎರಡು ಸಲ ನೋಡಿದೆ. ಮೇಲುಗಡೆ ಯಾರಾದರೂ ಹೋಗಿ ನೋಡಬೇಕು.' ಅಂದು ಅದನ್ನು ಓದಿ, ತಪ್ಪು ಮುಚ್ಚಲು ಕತೆ ಕಟ್ಟುತ್ತಾರೆ ಎಂದುಕೊಂಡಿದ್ದಳು.

"ಯಾಕೆ, ಊಟ ಸೇರಲ್ವಾ?" ಎಂದಳು ಮೀನಕ್ಕ.

ಅಂಕಿಯಮ್ಮ ಎಲ್ಲವನ್ನೂ ಹೇಳಿಬಿಟ್ಟಳು. ಮೀನಕ್ಕ ಪುಸ್ತಕವನ್ನು ಚೀಲಕ್ಕೆ ಹಾಕಿ ಚೀಲದ ಬಾಯಿ ಕಟ್ಟಿದಳು. "ಅವರ ಅಂಕಿ, ನನ್ನ ಮೀನು, ಎರಡನ್ನೂ ಆವತ್ತೇ ಯಾರಾದ್ರೂ ಪಕ್ಕ ಪಕ್ಕ ಇಟ್ಟಿದ್ರೆ..." ಎಂದವಳು ಅಂಕಿಯಮ್ಮನ ತಟ್ಟೆಯನ್ನು ಹತ್ತಿರ ಸರಿಸಿದಳು. "ಊಟ ಮಾಡಿ. ತಣ್ಣಗಾಗುತ್ತೆ" ಎಂದಳು.

ಉಳಿದೆರಡು ದಿನ ಅಂಕಿಯಮ್ಮ ಕಲಿತಷ್ಟು ಆ ಕೋಣೆಯಲ್ಲಿ ಯಾರೂ ಕಲಿಯಲಿಲ್ಲ. ಕಳೆದುಹೋದ ಅಂಕಿಯನ್ನು ಇರುವ ಅಂಕಿಗಳಿಂದ ಊಹಿಸುವ ವಿದ್ಯೆ ಇದೆ ಎಂದು ಮೇಡಂ ಹೇಳಿದಾಗ ಕುರ್ಚಿಯ ತುದಿಗೆ ಬಂದಳು. ಹಿಂದಿನ ದಿನದ ನೀರು, ಮುಂದಿನ ದಿನದ ನೀರು, ಜೊತೆಗೆ ಮೀನಕ್ಕನ ಗುರುವಾರದ ಮೀನು. ಮೀನು ಎಷ್ಟು ಇಳಿದಿದೆಯೋ ನೀರು ಅಷ್ಟು ಬೆಚ್ಚಗಿದ್ದಿರಬೇಕು. ತಪ್ಪು ಮಾಡಿದಳು, ಅಳಿಸಿ ಮಾಡಿದಳು, ಕಾಫಿಯ ಹೊತ್ತಿನಲ್ಲಿ ಮೇಡಂ ಸೆರಗು ಹಿಡಿದು ಕೇಳಿದಳು. ಮುಂದಿನ ಸಾಲಿನ ಆ ತರುಣನೇ ಬಂದು ಎರಡು ಕಡೆ ತಿದ್ದಿಕೊಟ್ಟ. ಅಳಿಸದೆ ಉಳಿದ ಅಳತೆ ಒಂದೆರಡಾದರೂ ಇದ್ದರೆ ಊಹೆ ಗಟ್ಟಿಯಾಗುತ್ತಿತ್ತು ಎಂದರು ಮೇಡಂ. ಒಂದೂ ಇರಲಿಲ್ಲ. ನೆನಪಿನಲ್ಲಿದ್ದ 'ಒಂದು ಡಿಗ್ರಿಯಷ್ಟು ಹೆಚ್ಚು' ಎಂಬುದನ್ನೇ ಆಧಾರ ಮಾಡಿಕೊಂಡಳು. ನಾಲ್ಕನೆಯ ದಿನ ಮಧ್ಯಾಹ್ನ ನಾನೂರ ಅರವತ್ತೊಂಬತ್ತು ಗುರುವಾರಗಳೂ ಪರದೆಯ ಮೇಲೆ ಎದ್ದು ಬಂದವು. ಒಂದೊಂದರ ಸುತ್ತಲೂ ಅನುಮಾನದ ಅಗಲವಾದ ಬೂದು ಪಟ್ಟಿ. ಅಚ್ಚು ಹಾಕಿಸಿ, ಮಡಿಸದೆ, ರಟ್ಟಿನ ಕೊಳವೆಯಲ್ಲಿ ಸುತ್ತಿಟ್ಟುಕೊಂಡಳು.

ಭಾನುವಾರ ಬೆಳಿಗ್ಗೆ ಚಿಕ್ಕಪ್ಪನ ಮನೆ ಬಾಗಿಲು ತಟ್ಟಿದಳು. ತೆಗೆದವರು ಚಿಕ್ಕಮ್ಮ.

"ಓಹೋ, ದಾರಿ ತಪ್ಪಿತಾ? ಇಲ್ಲಾ ನಮ್ಮ ಮನೆ ಗಡಿಯಾರದಲ್ಲೂ ಏನಾದ್ರೂ ತಪ್ಪು ಸಿಕ್ಕಿತಾ?"

"ಚಿಕ್ಕಮ್ಮಾ, ತಪ್ಪು ನನ್ನದೇ ಸಿಕ್ಕಿದೆ."

ಚಿಕ್ಕಮ್ಮನ ಕೈ ಬಾಗಿಲ ಮೇಲಿಂದ ಇಳಿಯಿತು. ಒಳಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಚಿಕ್ಕಪ್ಪ ಕೂತಿದ್ದರು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಅಂಕಿಯಮ್ಮ ನೆಲದ ಮೇಲೆ ಕೂತು ಮೀನಿನಿಂದ ಶುರುಮಾಡಿ ಕಾರ್ಖಾನೆಯವರೆಗೆ ಹೇಳಿದಳು. ಅವರು ಒಂದೇ ಒಂದು ಪ್ರಶ್ನೆ ಕೇಳಿದರು.

"ಬುಧವಾರ ಎಷ್ಟು ಹೊತ್ತಿಗೆ ಬಿಡ್ತಿದ್ರಂತೆ?"

"ಸಂಜೆ ಆರೂವರೆ ಏಳು."

ಅವರು ಬೆರಳು ಮಡಿಸಿ ಏನೋ ಎಣಿಸಿದರು. "ಹನ್ನೊಂದು ಗಂಟೆ ದಾರಿ. ಸರಿ. ಸರಿಯಾಗಿದೆ." ಅವರ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ, ಬಹಳ ದಿನದಿಂದ ಬಿಡಿಸಲಾಗದ ಒಂದು ಲೆಕ್ಕ ಬಿಡಿಸಿಕೊಂಡಿತು ಎಂಬಷ್ಟೇ ಇತ್ತು. "ಮೇಲುಗಡೆ ಏನೋ ಇದೆ ಅನ್ನಿಸ್ತಿತ್ತು. ನಡೆದು ಹೋಗೋಣ ಅಂದ್ರೆ ಕಾಲು ಬರ್ತಿರಲಿಲ್ಲ."

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎಂದರು ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು.

"ನೀನು ಸುಮ್ಮನಿರೇ."

ಅಂಕಿಯಮ್ಮ ಕೊಳವೆಯಿಂದ ಹಾಳೆ ಬಿಚ್ಚಿ ಅವರ ತೊಡೆಯ ಮೇಲೆ ಹರಡಿದಳು. "ಇಲ್ನೋಡಿ ಚಿಕ್ಕಪ್ಪಾ, ನಿಮ್ಮ ಗುರುವಾರ. ಎಲ್ಲಾ ವಾಪಸ್ ತಂದಿದ್ದೀನಿ. ನಾನೇ ಕಲಿತು ಮಾಡಿದ್ದು."

ಅವರು ಹಾಳೆಯನ್ನು ಚೆನ್ನಾಗಿದ್ದ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಗೆರೆಯ ಮೇಲೆ ಬೆರಳಾಡಿಸಿದರು.

"ಈ ಬೂದು ಬಣ್ಣ ಏನು?"

"ಅದು... ಇಷ್ಟರೊಳಗೆ ಎಲ್ಲಾದ್ರೂ ಇದ್ದಿರಬಹುದು ಅಂತ."

"ಇದ್ದಿರಬಹುದು." ಅವರು ಹಾಳೆಯನ್ನು ಸುರುಳಿ ಸುತ್ತತೊಡಗಿದರು, ಒಂದೇ ಕಣ್ಣಿನ ಅಂದಾಜಿಗೆ ಅದು ಸೊಟ್ಟ ಸೊಟ್ಟ ಬಂತು. "ಇವು ನನ್ನವಲ್ಲ ಮಗಾ. ನಾನು ಇದ್ದಿರಬಹುದು ಅಂತ ಒಂದು ದಿನಾನೂ ಬರೆದವನಲ್ಲ. ಅವತ್ತು ನನ್ನದನ್ನ ತೆಗೆದು ನಿನ್ನದು ಹಾಕಿದೆ. ಇವತ್ತು ಅದನ್ನೂ ತೆಗೆದು ಮತ್ತೆ ನಿನ್ನದೇ ಹಾಕ್ತೀಯ. ಹೆಸರು ಮಾತ್ರ ನಂದು."

"ಮತ್ತೇನು ಮಾಡಲಿ ಚಿಕ್ಕಪ್ಪಾ?"

"ಖಾಲಿ ಬಿಡು."

"ಖಾಲಿ ಬಿಟ್ರೆ ನೀವು ಹೋಗೇ ಇರಲಿಲ್ಲ ಅಂದ್ಕೋತಾರೆ."

"ಹೋಗಿದ್ದೆ ಅಂತ ಬರಿ. ಅಳೆದಿದ್ದೆ ಅಂತ ಬರಿ. ಯಾರು ಅಳಿಸಿದ್ದು ಅಂತಾನೂ ಬರಿ. ಎಷ್ಟಿತ್ತು ಅಂತ ಮಾತ್ರ ಬರೀಬೇಡ. ಅದು ಇನ್ನು ಯಾರಿಗೂ ಗೊತ್ತಿಲ್ಲ. ನನಗೂ."

ಆಕೆ ಬಾಯಿಪಾಠವಾಗಿದ್ದ ಆ ಷರಾವನ್ನು ಒಪ್ಪಿಸಿದಳು. "ಇದು ನೀವೇ ಬರೆದದ್ದು. ಇದನ್ನಾದ್ರೂ ಹಾಕ್ತೀನಿ."

ಚಿಕ್ಕಪ್ಪ ತಲೆಯಾಡಿಸಿದರು. "ನಂದೇ ಮಾತು. ಯಾವ ತಾರೀಖಿಂದು?"

ಆಕೆಗೆ ಗೊತ್ತಿರಲಿಲ್ಲ.

"ಹಾಗಾದ್ರೆ ಎಲ್ಲಿ ಹಾಕ್ತೀಯ?" ಎಂದರು ಅವರು, ಬೈಯುವ ದನಿಯಲ್ಲಲ್ಲ, ಕೆಲಸ ಕಲಿಸುವ ದನಿಯಲ್ಲಿ. "ತಾರೀಖಿಲ್ಲದ್ದು ಪುಸ್ತಕಕ್ಕೆ ಬರಲ್ಲ ಮಗಾ. ಬಿಡು."

ಚಿಕ್ಕಮ್ಮ ಕಾಫಿ ತಂದುಕೊಟ್ಟರು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಕ್ಷಮಿಸಿದ್ದೇನೆ ಎಂದು ಚಿಕ್ಕಪ್ಪ ಹೇಳಲಿಲ್ಲ. ಕೇಳುವ ಧೈರ್ಯ ಆಕೆಗೂ ಬರಲಿಲ್ಲ. ಹೊರಡುವಾಗ, "ಯಂತ್ರಾನ ಸರಿಯಾಗಿ ಒರೆಸ್ತಾರಾ? ಪಾಚಿ ಕಟ್ಟಿದ್ರೆ ತಪ್ಪು ತೋರಿಸುತ್ತೆ" ಎಂದಷ್ಟೇ ಕೇಳಿದರು.

ಸೋಮವಾರ ಕಚೇರಿಯಲ್ಲಿ ಅಂಕಿಯಮ್ಮ ಕಡತ ತೆರೆದು, ಹೊಸದಾಗಿ ಕಲಿತ ಒಂದು ಸಾಲಿನ ಆದೇಶ ಕೊಟ್ಟಳು. ಗುರುವಾರದ ಅಂಕಿ ಕೂತಿದ್ದ ನಾನೂರ ಅರವತ್ತೊಂಬತ್ತು ಮನೆಗಳು ಖಾಲಿಯಾದವು. ಕಣ್ಣು ಮಿಟುಕಿಸುವಷ್ಟೂ ಹೊತ್ತು ಹಿಡಿಯಲಿಲ್ಲ. ಆಮೇಲೆ ಕೊನೆಯಲ್ಲಿ ಷರಾ ಎಂಬ ಕಾಲಂ ಸೇರಿಸಿ, ಒಂದೊಂದು ಗುರುವಾರದ ಮುಂದೂ ಬರೆಯತೊಡಗಿದಳು: 'ಬೆಳಿಗ್ಗೆ ಆರಕ್ಕೆ ಅಳೆಯಲಾಗಿತ್ತು. ಅಳತೆಯನ್ನು ಅಳಿಸಿದವಳು...' ಅದರ ಮುಂದೆ ಹಾಜರಿ ಪುಸ್ತಕದಲ್ಲಿದ್ದ ಹೆಸರು. ಇದನ್ನೂ ಒಂದೇ ಆದೇಶದಲ್ಲಿ ಮುಗಿಸಬಹುದಿತ್ತು. ಆಕೆ ಕೈಯಿಂದಲೇ ಬರೆದಳು.

ಸಾಹೇಬರು ಬಂದು ಹೆಗಲ ಮೇಲಿಂದ ಇಣುಕಿದರು. "ಇದೇನ್ರೀ ಅಂಕಿಯಮ್ಮ, ಚೆಂದದ ಕಡತ ಹಲ್ಲು ಬಿದ್ದ ಬಾಯಿ ಥರ ಆಯ್ತಲ್ಲ! ಹೆಸರು ಯಾಕೆ? 'ಕಚೇರಿಯಿಂದ' ಅಂತ ಹಾಕಿ ಸಾಕು."

"ಕಚೇರಿ ಅಳಿಸಲಿಲ್ಲ ಸಾರ್."

ಅವರು ಆಕೆಯ ಮುಖ ನೋಡಿ ಹಾಗೇ ತಿರುಗಿ ಹೋದರು.

ಶುಕ್ರವಾರದ ಹೊತ್ತಿಗೆ ಕೊನೆಯ ಗುರುವಾರವೂ ಮುಗಿಯಿತು. ಇಪ್ಪತ್ತಾರು ವರ್ಷದಲ್ಲಿ ಲಕ್ಷಗಟ್ಟಲೆ ಅಂಕಿ ಏರಿಸಿದ ಆಕೆಗೆ ಬಾಯಿಪಾಠವಾಗಿದ್ದದ್ದು ಒಂದೇ ಒಂದು ಷರಾ. ಆ ಉದ್ದ ಕಡತವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎರಡು ಸಲ ನೋಡಿದಳು. ತಾರೀಖಿಲ್ಲದ ಅದನ್ನು ಕೂರಿಸಲು ಒಂದು ಮನೆಯೂ ಇರಲಿಲ್ಲ.